ಸಭೆಯ ಕಟ್ಟಳೆ, ಸಭೆಯ ಬಾಳು

(ಲಂಕಾದ ನಮ್ಮ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ, "ವಿಷಯ ಯಾವುದು?" ಎಂದೆ. "ನಿಮಗೆ ತಿಳಿದದ್ದು" ಎಂದರು. ನನಗೆ ತಿಳಿದದ್ದು ಎರಡೇ: ಬ್ಯಾಂಕಿನ ಲೆಡ್ಜರು ಒಂದು, ನಾನು ಹುಟ್ಟಿ ಬೆಳೆದ ಸಭೆ ಇನ್ನೊಂದು. ಲೆಡ್ಜರಿನ ವಿಷಯ ಎತ್ತಿದರೆ ನೀವು ಚಹಾಕ್ಕೆ ಮೊದಲೇ ಎದ್ದುಹೋಗುತ್ತೀರಿ. ಆದುದರಿಂದ ಸಭೆಯ ವಿಷಯವನ್ನೇ ಹೇಳುತ್ತೇನೆ. ಕೊನೆಗೆ ಲೆಡ್ಜರೂ ಬಂದೇ ಬರುತ್ತದೆ, ಅದಕ್ಕೆ ಈಗಲೇ ಕ್ಷಮೆ ಕೇಳಿಕೊಳ್ಳುತ್ತೇನೆ.

ನಮ್ಮ ಕಡೆಯ ಪ್ರಾಟೆಸ್ಟಂಟ್ ಕ್ರೈಸ್ತರು ಕಟ್ಟಡಕ್ಕೆ ದೇವಾಲಯ ಎನ್ನುತ್ತಾರೆ, ಅದರೊಳಗೆ ಕೂಡುವ ಜನಕ್ಕೆ ಸಭೆ ಎನ್ನುತ್ತಾರೆ. ಈ ಊರಿಗೆ ವರ್ಗವಾಗಿ ಬಂದ ಹೊಸತರಲ್ಲಿ ಲಂಕಾದಿಂದ ಗೋದೌಲಿಯಾಕ್ಕೆ ಹೋಗುವ ಆಟೋದವನು "ಗಿರಿಜಾಘರ್, ಗಿರಿಜಾಘರ್" ಎಂದು ಕೂಗುವುದನ್ನು ಕೇಳಿ, ವಿಶ್ವನಾಥನ ಊರಲ್ಲವೆ, ಗಿರಿಜೆಗೂ ಒಂದು ಮನೆ ಇದ್ದೀತು ಎಂದುಕೊಂಡು ಇಳಿದೆ. ಇಳಿದು ನೋಡಿದರೆ ಎದುರಿಗೆ ಚರ್ಚು! ಪೋರ್ಚುಗೀಸರ 'ಇಗ್ರೇಜಾ' ಎಂಬ ಮಾತು ಉತ್ತರದಲ್ಲಿ 'ಗಿರ್ಜಾ' ಆಯಿತು, ನಮ್ಮ ಮಂಗಳೂರಿನ ಕೊಂಕಣಿಯಲ್ಲಿ 'ಇಗರ್ಜಿ' ಆಯಿತು. ಸಾವಿರ ಮೈಲಿ ದೂರದ ಎರಡು ಊರುಗಳಿಗೆ ಒಂದೇ ಮಾತು ನೆಂಟಸ್ತನ ಕಟ್ಟಿಕೊಟ್ಟಿದೆ. ಕಾಶಿಯಲ್ಲಿ ನಿಂತು ಚರ್ಚಿನ ಮಾತೇಕೆ ಎಂದು ಯಾರಿಗಾದರೂ ಅನ್ನಿಸಿದರೆ ಈ ನೆಂಟಸ್ತನವನ್ನು ನೆನೆಯಬೇಕು. ಮತಬೋಧೆಗೆ ನಾನು ಬಂದವನಲ್ಲ. ನೂರಾರು ಜನ, ಬೇರೆ ಬೇರೆ ಮನೆಗಳಿಂದ ಬಂದವರು, ಒಂದು ಕಡೆ ಕೂಡಿ ಬಾಳಬೇಕಾದರೆ ತಮ್ಮತಮ್ಮೊಳಗೆ ಏನನ್ನು ಒಪ್ಪಿಕೊಂಡಿರಬೇಕು ಎಂಬುದಷ್ಟೇ ನನ್ನ ವಿಷಯ.

ಇದನ್ನು ಆರಿಸಿಕೊಳ್ಳುವುದಕ್ಕೆ ಕಾರಣವೂ ಉಂಟು. ಕಳೆದ ಚಳಿಗಾಲದ ಒಂದು ಸಂಜೆ ನಮ್ಮ ವಾಚನಾಲಯದ ಕಿಟಕಿಯ ಹೊರಗೆ ಒಬ್ಬಾತ ನಿಂತು, ಒಳಗಿನ ಮೇಜಿನ ಮೇಲೆ ಹರಡಿದ್ದ ಕನ್ನಡ ಪತ್ರಿಕೆಯನ್ನು ಕತ್ತು ನೀಡಿ ಓದುತ್ತಿದ್ದ. ಕೈಯಲ್ಲಿ ಸಿಮೆಂಟಿನ ಬಿಳಿ ಇನ್ನೂ ಇತ್ತು. ಹೊರಗೆ ಹೋಗಿ "ಬನ್ನಿ, ಒಳಗೆ ಕೂತು ಓದಿ" ಎಂದೆ. "ಒಳಗ ಕೂಡ್ರಾಕ ರೊಕ್ಕ ಕೊಡಬೇಕೇನ್ರೀ?" ಎಂದು ಕೇಳಿದ. ರಾಯಚೂರು ಕಡೆಯವನು, ಗಾರೆಯ ಕೆಲಸಕ್ಕೆ ಬಂದವನು. ಬಾಗಿಲ ಮೇಲಿನ ಫಲಕವನ್ನು ತೋರಿಸಿದೆ. ಅದರಲ್ಲಿ 'ಎಲ್ಲರಿಗೂ ಉಚಿತ' ಎಂದು ದಪ್ಪಕ್ಷರದಲ್ಲಿ ಬರೆದಿದೆಯಲ್ಲ? ಆತ ಹೇಳಿದ: "ಬೋರ್ಡ್ ಓದೀನ್ರೀ. ಅದು ಬರದದ್ದು ಯಾರಿಗಂತ ತಿಳೀಲಿಲ್ರೀ." ಒಳಗೆ ಬಂದ. ಕುರ್ಚಿಗಳ ಮೇಲೆ ನಮ್ಮ ಚೀಲಗಳಿದ್ದವು. ಒಬ್ಬರೂ ಚೀಲ ಎತ್ತಲಿಲ್ಲ, ನಾನು ಕೂಡ ಕೂಡಲೇ ಎತ್ತಲಿಲ್ಲ. ಹತ್ತು ನಿಮಿಷ ನಿಂತುಕೊಂಡೇ ಓದಿ, ಕೈಮುಗಿದು ಹೋದ. ಆಮೇಲೆ ಬಂದಿಲ್ಲ.

'ಅದು ಬರೆದದ್ದು ಯಾರಿಗೆ?' ಎಂಬ ಆ ಮಾತು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ನಮ್ಮ ಕರಾವಳಿಯ ಸಭೆಗಳು ಇದೇ ಪ್ರಶ್ನೆಯನ್ನು ಎದುರಿಸಿ, ಕೆಲವು ಕಡೆ ಗೆದ್ದು ಕೆಲವು ಕಡೆ ಸೋತ ಕಥೆ ನನಗೆ ಗೊತ್ತಿರುವುದರಿಂದ ಅದನ್ನು ನಿಮ್ಮ ಮುಂದೆ ಇಡುತ್ತೇನೆ.

೧೮೩೩ರಲ್ಲಿ ಕಂಪನಿಯ ಸನ್ನದು ಬದಲಾಗಿ ಬ್ರಿಟಿಷರಲ್ಲದ ಮಿಶನರಿಗಳಿಗೂ ಹಿಂದೂಸ್ಥಾನದ ಬಾಗಿಲು ತೆರೆಯಿತು. ಮರುವರ್ಷ, ೧೮೩೪ರ ಅಕ್ಟೋಬರಿನಲ್ಲಿ, ಸ್ವಿಟ್ಸರ್ಲೆಂಡಿನ ಬಾಸೆಲ್ ಪಟ್ಟಣದ ಮಿಶನ್ ಸಂಘ ಕಳುಹಿಸಿದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಇಳಿದು ಮಂಗಳೂರಿಗೆ ಬಂದರು. ಎರಡು ವರ್ಷದ ಮೇಲೆ ಬಂದ ಹೆರ್ಮನ್ ಮೊಗ್ಲಿಂಗನನ್ನು ನೀವೆಲ್ಲ ಬಲ್ಲಿರಿ. ೧೮೪೩ರಲ್ಲಿ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟವನು. ೧೮೯೪ರಲ್ಲಿ ನಿಘಂಟು ಅಚ್ಚಾದ ಕಿಟ್ಟೆಲ್ ಪಂಡಿತರೂ ಇದೇ ಮಿಶನ್ನಿನವರು. ಆದರೆ ಪತ್ರಿಕೆ, ನಿಘಂಟುಗಳ ಮಾತನ್ನು ಎಲ್ಲ ಕನ್ನಡ ಸಂಘಗಳಲ್ಲಿಯೂ ಆಡುತ್ತಾರೆ. ನಾನು ಹೇಳಬೇಕೆಂದಿರುವುದು ಯಾರೂ ಹೆಚ್ಚಾಗಿ ಹೇಳದ ಸಂಗತಿ: ಅವರು ಕಟ್ಟಿದ ಸಭೆಗಳ ಒಳಗಿನ ಕಟ್ಟಳೆ.

ಈ ಜರ್ಮನರು ಹೆಚ್ಚಿನವರು ವ್ಯುರ್ಟೆಂಬರ್ಗ್ ಸೀಮೆಯ ಭಕ್ತಿಪಂಥದವರು. ಭಾನುವಾರ ಬಿಡುವು, ಕುಡಿತವಿಲ್ಲ, ಸಾಲವಿಲ್ಲ, ಸಮಯಕ್ಕೆ ಸರಿಯಾಗಿ ಕೆಲಸ, ಇವು ಅವರ ಹುಟ್ಟುಗುಣ. ಸಭೆಗೆ ಸೇರುವವನಿಗೆ ಸೇರುವ ಮೊದಲೇ ಹೇಳಿಬಿಡುತ್ತಿದ್ದರು: ಇಂತಿಂಥದ್ದನ್ನು ಬಿಡಬೇಕು, ಇಂತಿಂಥದ್ದನ್ನು ಹಿಡಿಯಬೇಕು, ತಪ್ಪಿದರೆ ಹಿರಿಯರ ಮುಂದೆ ನಿಲ್ಲಬೇಕು. ಸಭಾಪಾಲಕನ ಜೊತೆಗೆ ಸಭೆಯ ಹಿರಿಯರು ಎಂಬ ಕೆಲವರು ಇರುತ್ತಿದ್ದರು. ಇದರಲ್ಲಿ ಎಷ್ಟೋ ಬಿಗಿತವಿತ್ತು, ಅದನ್ನು ಮುಂದೆ ಹೇಳುತ್ತೇನೆ. ಆದರೆ ಒಂದು ಗುಣವೂ ಇತ್ತು. ಒಳಗೆ ಬಂದ ಮೇಲೆ "ಅಯ್ಯೋ, ಹೀಗೆಂದು ಗೊತ್ತಿರಲಿಲ್ಲ" ಎನ್ನುವ ಪ್ರಸಂಗ ಇರಲಿಲ್ಲ.

ಬಿಡಬೇಕಾದ್ದರಲ್ಲಿ ಮೊದಲನೆಯದು ಜಾತಿ. ಈ ವಿಷಯದಲ್ಲಿ ಆ ಕಾಲದ ಚರ್ಚುಗಳೆಲ್ಲ ಒಂದೇ ಮನಸ್ಸಿನವಾಗಿರಲಿಲ್ಲ ಎಂಬುದನ್ನು ಮರೆಯಬಾರದು. ತಮಿಳು ಸೀಮೆಯಲ್ಲಿ ತರಂಗಂಬಾಡಿಯ ಹಳೆಯ ಲೂಥರನ್ ಪರಂಪರೆಯ ಸಭೆಗಳಲ್ಲಿ ಒಂದೇ ಮಾಡಿನ ಕೆಳಗೆ ಜಾತಿ ಜಾತಿ ಬೇರೆಯಾಗಿ ಕೂಡುವುದು ತಲೆಮಾರುಗಳಿಂದ ನಡೆದುಬಂದಿತ್ತು. ೧೮೩೩ರಲ್ಲಿ ಕಲಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ತನ್ನ ಆಡಳಿತದ ಸಭೆಗಳಲ್ಲಿ ಜಾತಿಭೇದವನ್ನು ಒಡನೆಯೇ ಪೂರ್ತಿಯಾಗಿ ಬಿಡತಕ್ಕದ್ದೆಂದು ಪತ್ರ ಬರೆದ. ತಂಜಾವೂರಿನ ಕಡೆ ಬಹಳ ಮಂದಿ ಸಭೆಯನ್ನೇ ಬಿಟ್ಟರು, ಜಾತಿಯನ್ನು ಬಿಡಲಿಲ್ಲ. ಬಾಸೆಲ್ ಮಿಶನ್ನಿನವರು ಮೊದಲಿನಿಂದಲೂ ಗಟ್ಟಿ ಪಕ್ಷದವರು. ಅವರ ಸಭೆಯಲ್ಲಿ ಕರ್ತನ ರಾತ್ರಿಭೋಜನದ ದ್ರಾಕ್ಷಾರಸವನ್ನು ಎಲ್ಲರೂ ಒಂದೇ ಪಾತ್ರೆಯಿಂದ ಕುಡಿಯಬೇಕು. ಪಾತ್ರೆ ಕೈಯಿಂದ ಕೈಗೆ ಬರುತ್ತದೆ; ನಿಮ್ಮ ಮುಂಚೆ ಯಾರ ತುಟಿ ತಗುಲಿತು ಎಂಬುದು ನಿಮ್ಮ ಕಣ್ಣಮುಂದೆಯೇ ಇರುತ್ತದೆ. ಸಮಾನತೆಯ ಮೇಲೆ ಹತ್ತು ಉಪನ್ಯಾಸ ಕೊಡುವುದಕ್ಕಿಂತ ಇದು ಕಷ್ಟವಾದ ಪರೀಕ್ಷೆ. ಇಲ್ಲಿ ಬಾಯಲ್ಲಿ ಒಪ್ಪಿ ಮೈಯಲ್ಲಿ ತಪ್ಪಿಸಿಕೊಳ್ಳುವಂತಿಲ್ಲ. ನಮ್ಮ ವಾಚನಾಲಯದ ಫಲಕಕ್ಕೆ ಹೀಗೆ ತುಟಿಗೆ ತಗುಲುವ ಪಾತ್ರೆ ಯಾವುದು? ಕುರ್ಚಿಯ ಮೇಲಿನ ಚೀಲವೇ ಎಂದು ನನಗೆ ತೋರುತ್ತದೆ.

ಇನ್ನು ಎರಡನೆಯ ಸಂಗತಿ. ಇದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ದಕ್ಷಿಣ ಕನ್ನಡದಲ್ಲಿ ಈ ಸಭೆಗಳಿಗೆ ಸೇರಿದವರಲ್ಲಿ ಬಿಲ್ಲವರು ಬಹಳ. ಅವರಲ್ಲಿ ಅನೇಕರ ಕುಲವೃತ್ತಿ ಮರದಿಂದ ಕಳ್ಳು ಇಳಿಸುವುದು. ಸಭೆಯ ಕಟ್ಟಳೆಯೋ ಕುಡಿತಕ್ಕೆ ವಿರೋಧ. ಕುಡಿಯಬಾರದು ಎಂದಮೇಲೆ ಇಳಿಸಬಹುದೆ? ಇಳಿಸಬಾರದು ಎಂದು ತೀರ್ಮಾನವಾಯಿತು. ಸರಿ, ಕತ್ತಿಯನ್ನೂ ಮಡಕೆಯನ್ನೂ ಕೆಳಗಿಟ್ಟು ಮರದಿಂದ ಇಳಿದ. ನಾಳೆ ಅವನ ಮನೆಯಲ್ಲಿ ಗಂಜಿ ಬೇಯುವುದು ಹೇಗೆ? ಹೊಲ ಗೇಣಿಯದು, ಒಡೆಯನಿಗೆ ಈತ ಸಭೆಗೆ ಸೇರಿದ್ದು ಸರಿಬೀಳಲಿಲ್ಲವಾದರೆ ಅದೂ ಹೋಯಿತು. ನೆಂಟರ ಮನೆಯ ಬಾಗಿಲೂ ಮುಚ್ಚಿತು. ಕಟ್ಟಳೆ ಬರೆದವರ ಸಂಬಳಕ್ಕೆ ಏನೂ ಆಗಲಿಲ್ಲ, ಕಟ್ಟಳೆಗೆ ಒಳಗಾದವನ ಹೊಟ್ಟೆಗೆ ಬಂತು.

ಇಲ್ಲಿ ಮಿಶನ್ನಿನವರು ಮಾಡಿದ್ದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಕಟ್ಟಳೆಯನ್ನು ಸಡಿಲಿಸಲೂ ಇಲ್ಲ, ಆ ಮನುಷ್ಯನನ್ನು ದೇವರ ಮೇಲೆ ಭಾರ ಹಾಕಿ ಕೈಬಿಡಲೂ ಇಲ್ಲ. ಕೆಲಸ ಹುಡುಕಿದರು. ಮೊದಲಿನ ಕೆಲವು ಪ್ರಯತ್ನಗಳು ಕೈಹಿಡಿಯಲಿಲ್ಲ. ೧೮೪೧ರಲ್ಲಿ ಅಚ್ಚುಕೂಟ ಬಂತು, ಆಮೇಲೆ ನೇಯ್ಗೆ ಬಂತು. ಬಲ್ಮಠದ ನೇಯ್ಗೆಯ ಶಾಲೆಯಲ್ಲಿ ಹಾಲರ್ ಎಂಬಾತ ಖಾಕಿ ಬಣ್ಣವನ್ನು ಕಂಡುಹಿಡಿದನೆಂದು ಮಂಗಳೂರಿನವರು ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ೧೮೬೫ರಲ್ಲಿ ಗೇಯಾರ್ಗ್ ಪ್ಲೆಬ್ಸ್ಟ್ ಎಂಬಾತ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ. ನೇತ್ರಾವತಿಯ ದಂಡೆಯ ಜೇಡಿಮಣ್ಣು, ಜರ್ಮನರ ಯಂತ್ರ, ಕಳ್ಳಿನ ಕತ್ತಿ ಬಿಟ್ಟ ಕೈ, ಈ ಮೂರೂ ಸೇರಿ ಮಂಗಳೂರು ಹಂಚು ಆಯಿತು. ಮುಳಿಹುಲ್ಲಿನ ಮಾಡುಗಳು ಹೋಗಿ ಕೆಂಪು ಮಾಡುಗಳು ಬಂದವು. ಊರ ಮನೆಯ ಮಾಡಿನ ಮೇಲೆ ಮಿಶನ್ನಿನ ಹೆಸರು ಒತ್ತಿದ ಹಳೆಯ ಹಂಚನ್ನು ನಿಮ್ಮಲ್ಲಿ ಕರಾವಳಿಯವರು ನೋಡಿಯೇ ಇದ್ದೀರಿ. ಹಂಚಿನ ವ್ಯಾಪಾರದ ಲಾಭನಷ್ಟ ಏನೇ ಇರಲಿ, ಅದರ ಹಿಂದೆ ಒಂದು ಜವಾಬ್ದಾರಿಯ ಮಾತು ಉಂಟು: ಒಬ್ಬನ ಅನ್ನವನ್ನು ತೆಗೆಯುವ ಕಟ್ಟಳೆ ಮಾಡುವವರು ಅವನ ಅನ್ನದ ದಾರಿಯನ್ನೂ ಅದೇ ಕೂಟದಲ್ಲಿ ಗೊತ್ತುಮಾಡಬೇಕು.

ಆದರೆ ಇದೇ ಉಪಕಾರದೊಳಗೆ ಒಂದು ಕೆಡುಕೂ ಮೊಳೆಯಿತು. ಭಾನುವಾರ ಪೀಠದ ಮೇಲೆ ಬೋಧಿಸುವ ಮಿಶನ್ನೇ ಸೋಮವಾರ ಹಾಜರಿ ಹಿಡಿಯುವ ಧಣಿಯೂ ಆಯಿತು. ಹೀಗಿರುವಾಗ ಕೂಲಿ ಸಾಲದು ಎಂದು ಒಬ್ಬ ಗೊಣಗಿದರೆ ಅದು ಕೂಲಿಯ ಮಾತೋ, ಭಕ್ತಿ ಕಡಿಮೆಯಾದ ಲಕ್ಷಣವೋ? ಸಭೆಯಿಂದ ದೂರ ಮಾಡಲ್ಪಟ್ಟವನು ಕೆಲಸದ ಮೇಲೆ ತಲೆಯೆತ್ತಿ ನಿಲ್ಲುವುದು ಹೇಗೆ? ಹೊರಗಿನವರು "ಅನ್ನಕ್ಕಾಗಿ ಸೇರಿದವರು" ಎಂದು ಆಡಿಕೊಂಡರು. ಹೊಟ್ಟೆ ತುಂಬಿದವರು ಆಡುವ ಮಾತು ಅದು, ಅದಕ್ಕೆ ನಾನು ಬೆಲೆ ಕೊಡುವುದಿಲ್ಲ. ಆದರೆ ಧಣಿ ಗುರು ಇಬ್ಬರೂ ಒಬ್ಬರೇ ಆಗಬಾರದೆಂಬ ಪಾಠಕ್ಕೆ ಬೆಲೆ ಕೊಡಬೇಕು. ನಮ್ಮಲ್ಲಿಯೂ ಕೂಲಿಕಾರರನ್ನು ಕರೆತರುವ ಮೇಸ್ತ್ರಿಗಳು ಸಂಘದ ಸಮಿತಿಯಲ್ಲಿ ಇದ್ದಾರೆ. ಅವರು ಒಳ್ಳೆಯವರು, ನನ್ನ ಸ್ನೇಹಿತರು. ಆದರೂ ಅವರ ಕೈಕೆಳಗಿನ ಆಳು ಅವರ ಮುಂದೆ ಇಲ್ಲಿ ಬಾಯಿಬಿಡುತ್ತಾನೆಯೇ ಎಂದು ಅವರೇ ಯೋಚಿಸಲಿ.

ಮಂಗಳೂರಿನ ಬಿಲ್ಲವರೆಲ್ಲ ಸಭೆಗೆ ಸೇರಿದರೆಂದಲ್ಲ. ದೇವಸ್ಥಾನದ ಬಾಗಿಲು ಮುಚ್ಚಿದ್ದ ಕಾಲದಲ್ಲಿ ಅವರು ನಾರಾಯಣ ಗುರುಗಳನ್ನು ಕರೆತಂದು ೧೯೧೨ರಲ್ಲಿ ಕುದ್ರೋಳಿಯಲ್ಲಿ ಗೋಕರ್ಣನಾಥನ ಪ್ರತಿಷ್ಠೆ ಮಾಡಿಸಿದರು. ಅದಕ್ಕೂ ಮುಂಚೆ, ೧೮೯೭ರಲ್ಲಿ, ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗಾಗಿ ತಮ್ಮ ಮಿಶನ್ ಆರಂಭಿಸಿ ಸ್ವಜಾತಿಯವರ ಬಹಿಷ್ಕಾರವನ್ನು ಉಂಡರು. ಒಂದೇ ಊರಿನ ಈ ಮೂರು ದಾರಿಗಳಲ್ಲಿ ದೇವರು ಪೂಜೆ ಬೇರೆಬೇರೆ. ಬಾಗಿಲಲ್ಲಿ ನಿಂತವನನ್ನು ಏನು ಮಾಡುವುದು ಎಂಬ ಪ್ರಶ್ನೆ ಮಾತ್ರ ಒಂದೇ.

ಕಟ್ಟಳೆ ಎಲ್ಲರಿಗೂ ಒಂದೇ ಆಗಿತ್ತೆ ಎಂದು ನೀವು ಕೇಳಬಹುದು. ಒಂದು ಮಟ್ಟಿಗೆ ಆಗಿತ್ತು. ಬಿಳಿಯ ಮಿಶನರಿಯೂ ಬಾಸೆಲಿನ ಕಮಿಟಿಯ ಅಪ್ಪಣೆಯಿಲ್ಲದೆ ಮದುವೆ ಮಾಡಿಕೊಳ್ಳುವಂತಿರಲಿಲ್ಲ! ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯ ೧೮೪೪ರಲ್ಲಿ ದೀಕ್ಷಾಸ್ನಾನ ಹೊಂದಿದಾಗ ಮಂಗಳೂರು ಪೇಟೆ ಕದಡಿತು. ಆತ ಬಾಸೆಲಿಗೆ ಹೋಗಿ ಓದಿ ೧೮೫೧ರಲ್ಲಿ ಮಿಶನರಿಯಾಗಿಯೇ ತಿರುಗಿಬಂದ. ಆಮೇಲೆ ಕೊಡಗಿನ ಆನಂದಪುರದಲ್ಲಿ, ಹೊಲೆಯರೆಂದು ಊರು ದೂರವಿಟ್ಟ ಜನರ ನಡುವೆ ಮೊಗ್ಲಿಂಗನ ಜೊತೆ ಕೆಲಸಮಾಡಿದ. ಇದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಆದರೆ ಕೌಂಡಿನ್ಯ ಒಬ್ಬ. ಉಳಿದ ದೇಶೀಯ ಉಪದೇಶಿಗಳೂ ಹಿರಿಯರೂ ಮಿಶನರಿಗಳ ಕೈಕೆಳಗೆಯೇ ಇದ್ದರು. ಹಣ, ಜಮೀನು, ನೇಮಕ ಎಲ್ಲ ಬಿಳಿಯರ ಕೂಟದಲ್ಲಿ ತೀರ್ಮಾನವಾಗುತ್ತಿತ್ತು. ಕುಡಿದ ನೇಕಾರನನ್ನು ಹಿರಿಯರು ಕರೆಸಿ ಕೇಳಬಹುದು. ಸಿಡುಕಿದ ಸಾಹೇಬನನ್ನು ಯಾರು ಕರೆಸುವುದು? ಕಟ್ಟಳೆಯ ಪುಸ್ತಕದಲ್ಲಿ ಅದಕ್ಕೆ ಪುಟವಿರಲಿಲ್ಲ. ಕೆಳಗಿನವನಿಗೆ ಮಾತ್ರ ತಾಗುವ ಕಟ್ಟಳೆಗೆ ಆಳಿಕೆ ಎನ್ನಬೇಕು.

೧೯೧೪ರಲ್ಲಿ ಯುದ್ಧ ಬಂತು. ಜರ್ಮನ್ ಮಿಶನರಿಗಳನ್ನು ಸರಕಾರ ಸೆರೆಯಲ್ಲಿಟ್ಟಿತು, ಆಮೇಲೆ ದೇಶಕ್ಕೆ ಕಳುಹಿಸಿತು. ಕಾರ್ಖಾನೆಗಳು ಮಿಶನ್ನಿನ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಹಂಚು, ಮಗ್ಗ, ಸಾಹೇಬ, ಎಲ್ಲ ಒಟ್ಟಿಗೆ ಹೋದಂತಾಯಿತು. ಅನ್ನಕ್ಕಾಗಿ ಸೇರಿದವರಾಗಿದ್ದರೆ ಆಗಲೇ ಚೆದರಬೇಕಾಗಿತ್ತಲ್ಲವೆ? ಚೆದರಲಿಲ್ಲ. ಊರಿನ ಸಭಾಪಾಲಕರೂ ಹಿರಿಯರೂ ಗಂಟೆ ಬಾರಿಸಿದರು, ಮದುವೆ ಮಾಡಿಸಿದರು, ಮಣ್ಣು ಮಾಡಿದರು. ಕಾವಲಿನವನು ಹೋದಮೇಲೂ ಜನ ಯಾವುದನ್ನು ನಡೆಸಿಕೊಂಡು ಬರುತ್ತಾರೋ ಅದೇ ಅವರ ನಿಜವಾದ ಮೌಲ್ಯ, ಉಳಿದದ್ದು ಬೋರ್ಡು. ೧೯೪೭ರ ಸೆಪ್ಟೆಂಬರ್ ೨೭ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿತು. ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಬೇರೆಬೇರೆ ಮನೆಯವರು ಒಂದಾದರು. ನಮ್ಮ ಬಾಸೆಲ್ ಸಭೆಗಳೂ ಕ್ರಮೇಣ ಅದರೊಳಗೆ ಬಂದವು.

ಈಗ ಶಿಸ್ತಿನ ಮಾತು. ತಪ್ಪುಮಾಡಿದವನನ್ನು ರಾತ್ರಿಭೋಜನದಿಂದ ದೂರವಿಡುವ ಶಿಕ್ಷೆ ಈ ಸಭೆಗಳಲ್ಲಿ ಇತ್ತು. ಬಡವನ ಮಗಳ ತಪ್ಪಿಗೆ ಅದು ಬೇಗ ಬಂತು, ಬಲ್ಲಿದನ ಮಗನ ತಪ್ಪಿಗೆ ತಡವಾಗಿ ಬಂತು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಎಲ್ಲ ಊರಿನ ಎಲ್ಲ ಪಂಚಾಯಿತಿಗೂ ಇರುವ ರೋಗ ಅದು. ಆದರೆ ಇದಕ್ಕೆ ಸತ್ಯವೇದದಲ್ಲಿಯೇ ಒಂದು ಮದ್ದು ಉಂಟು. ಮತ್ತಾಯನ ಸುವಾರ್ತೆಯ ೧೮ನೆಯ ಅಧ್ಯಾಯದಲ್ಲಿ ಯೇಸು ಒಂದು ಕ್ರಮ ಹೇಳುತ್ತಾನೆ. ನಿನ್ನ ಸಹೋದರ ತಪ್ಪಿದರೆ ಮೊದಲು ನೀನೊಬ್ಬನೇ ಹೋಗಿ ಅವನೊಬ್ಬನಿಗೇ ತಿಳಿಸು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಆಮೇಲೆ ಸಭೆಯ ಮುಂದೆ ಇಡು. ಎಷ್ಟು ಸಾದಾ ಕ್ರಮ ನೋಡಿ! ನಾವು ಮಾಡುವುದು ತಲೆಕೆಳಗು. ಮೊದಲು ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಾಕುತ್ತೇವೆ. ಇನ್ನೂರು ಜನ ಓದುತ್ತಾರೆ. ಕೊನೆಗೆ ಆ ಮನುಷ್ಯನೊಬ್ಬನಿಗೇ ನಾವು ಹೇಳಿರುವುದಿಲ್ಲ. ಹೋದ ಯುಗಾದಿಯ ಊಟದ ಲೆಕ್ಕದ ವಿಷಯದಲ್ಲಿ ನಮ್ಮಲ್ಲಿ ಆದದ್ದು ಇದೇ. ಹೆಸರು ಹೇಳುವುದಿಲ್ಲ, ನಾನೂ ಅದರಲ್ಲಿ ಎರಡು ಸಾಲು ಬರೆದವನೇ.

ಲೆಕ್ಕ ಎಂದೆನಲ್ಲ, ಲೆಡ್ಜರು ಬಂತು. ನನ್ನ ಬಾಲ್ಯದ ಒಂದು ಸಂಗತಿ ಹೇಳುತ್ತೇನೆ. ಊರಿನ ಹೆಸರೂ ಜನರ ಹೆಸರೂ ಬೇಡ. ನಮ್ಮ ಸಭೆಯ ಖಜಾಂಚಿ ಒಬ್ಬ ಶಾಲಾ ಮೇಷ್ಟ್ರು. ಅಷ್ಟು ಒಳ್ಳೆಯವರು ಊರಲ್ಲಿ ಬೇರೆ ಇರಲಿಲ್ಲ. ಅಷ್ಟು ಒಳ್ಳೆಯವರಾದ್ದರಿಂದಲೇ ಹನ್ನೊಂದು ವರ್ಷ ಯಾರೂ ಅವರ ಲೆಕ್ಕದ ಪುಸ್ತಕ ತೆರೆದು ನೋಡಲಿಲ್ಲ. ದೇವಾಲಯದ ಮಾಡು ರಿಪೇರಿಯ ಹಣ ಅವರ ಹತ್ತಿರ ಇತ್ತು. ಮಗಳಿಗೆ ಕಾಯಿಲೆಯಾಯಿತು. ಪೆಟ್ಟಿಗೆಯಿಂದ ಸ್ವಲ್ಪ ತೆಗೆದರು, ಸಂಬಳ ಬಂದಾಗ ಹಾಕಿದರು. ಮತ್ತೆ ತೆಗೆದರು, ಅರ್ಧ ಹಾಕಿದರು. ಮಾಡು ಇಳಿಸಿ ಹಂಚು ತರಬೇಕೆಂದ ದಿನ ಪೆಟ್ಟಿಗೆಯಲ್ಲಿ ಹಣವಿರಲಿಲ್ಲ. ಮೇಷ್ಟ್ರು ತಾವೇ ಎದ್ದುನಿಂತು ಹೇಳಿದರು. ಆ ದಿನ ದೇವಾಲಯದಲ್ಲಿ ಇದ್ದ ಮೌನ ನನಗೆ ಇಂದಿಗೂ ಕೇಳಿಸುತ್ತದೆ. ಮನೆಯ ಹಿತ್ತಿಲು ಮಾರಿ ಹಣ ಕಟ್ಟಿದರು. ಆಮೇಲೆ ಒಳಗೆ ಬರಲಿಲ್ಲ. ಭಾನುವಾರ ರಸ್ತೆಯ ಮೋರಿಕಟ್ಟೆಯ ಮೇಲೆ ಕೂತು ಒಳಗಿನ ಹಾಡು ಕೇಳುತ್ತಿದ್ದರು.

ನನ್ನ ತಂದೆ ಸಭೆಯ ಹಿರಿಯರಲ್ಲಿ ಒಬ್ಬರು. ಒಂದು ರಾತ್ರಿ ಊಟ ಮಾಡುತ್ತ ತಾಯಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು: "ಅವರನ್ನು ನಂಬಿದ್ದೇವೆ ಅಂತ ನಾವು ಹೇಳಿಕೊಂಡೆವು, ಮಾರಾಯ್ತಿ. ನಿಜ ಹೇಳುವುದಾದರೆ ನಮಗೆ ಲೆಕ್ಕ ನೋಡಲಿಕ್ಕೆ ಉದಾಸೀನ. ವರ್ಷಕ್ಕೊಮ್ಮೆ ನೋಡಿದ್ದರೆ ಮೊದಲ ವರ್ಷವೇ ಐವತ್ತು ರೂಪಾಯಿಯ ಮಾತಾಗಿ ಮುಗಿಯುತ್ತಿತ್ತು. ಮಗಳ ಕಾಯಿಲೆಗೆ ನಾವೇ ಕೊಡುತ್ತಿದ್ದೆವು." ಅಂದಿನಿಂದ ನಮ್ಮ ಸಭೆಯಲ್ಲಿ ಪೆಟ್ಟಿಗೆಗೆ ಎರಡು ಬೀಗ, ಎರಡು ಕೈಯಲ್ಲಿ ಬೀಗದ ಕೈ. ತಿಂಗಳ ಮೊದಲ ಭಾನುವಾರ ಬಂದದ್ದು ಹೋದದ್ದು ಎಲ್ಲರ ಮುಂದೆ ಓದಬೇಕು. ಕಷ್ಟಕ್ಕೆ ಕೇಳುವವನು ಯಾರನ್ನು ಕೇಳಬೇಕು, ಎಷ್ಟರವರೆಗೆ ಕೊಡಬಹುದು ಎಂಬುದೂ ಬರೆಹಕ್ಕೆ ಬಂತು. ಅನುಮಾನದಿಂದ ಹುಟ್ಟಿದ ಕಟ್ಟಳೆ ಎಂದು ಕೆಲವರು ಬೇಸರಪಟ್ಟರು. ನನಗೆ ಹಾಗೆ ತೋರಲಿಲ್ಲ. ಬ್ಯಾಂಕಿನಲ್ಲಿ ಇಷ್ಟು ವರ್ಷ ಕೂತಮೇಲೂ ತೋರುವುದಿಲ್ಲ. ಕಳ್ಳನಿಗೆ ಬೀಗ ಲೆಕ್ಕಕ್ಕಿಲ್ಲ. ಎರಡನೆಯ ಬೀಗ ಇರುವುದು ಒಳ್ಳೆಯ ಮನುಷ್ಯನ ಕೆಟ್ಟ ದಿನಕ್ಕೆ. ಮೇಷ್ಟ್ರನ್ನು ಕರೆತರಲು ತಂದೆ ಮೂರು ಸಲ ಹೋದರು. ಮೂರನೆಯ ಸಲ ಬಂದು ಕೊನೆಯ ಬೆಂಚಿನಲ್ಲಿ ಕೂತರು.

ಇದನ್ನೆಲ್ಲ ಕೇಳಿ ಸಭೆಗಳಲ್ಲಿ ಈಗ ಎಲ್ಲ ಸರಿಯಾಗಿದೆ ಎಂದು ತಿಳಿಯಬೇಡಿ. ಆಸ್ತಿಗಾಗಿ, ಚುನಾವಣೆಗಾಗಿ ಮನೆಯ ಜಗಳ ಕೋರ್ಟಿನವರೆಗೆ ಹೋಗಿದೆ. ೧೯೪೭ರಲ್ಲಿ ಅಷ್ಟು ಆಸೆಯಿಂದ ಒಂದಾದ ಅದೇ ದಕ್ಷಿಣ ಭಾರತ ಸಭೆಯ ಕೇಂದ್ರಾಡಳಿತವನ್ನು ನೋಡಿಕೊಳ್ಳಲು ೨೦೨೪ರಲ್ಲಿ ಮದರಾಸು ಹೈಕೋರ್ಟು ಇಬ್ಬರು ನಿವೃತ್ತ ನ್ಯಾಯಾಧೀಶರನ್ನು ನೇಮಿಸಬೇಕಾಯಿತು; ವ್ಯಾಜ್ಯ ಸುಪ್ರೀಂ ಕೋರ್ಟಿಗೂ ಏರಿತು. ತಮಿಳುನಾಡಿನ ಕೆಲವು ಕಡೆ ಸಮಾಧಿಯ ನೆಲದಲ್ಲಿಯೂ ಜಾತಿಯ ಗೋಡೆ ಎದ್ದಿದೆ. ಮಂಗಳೂರಿನ ನಮ್ಮ ಕಥೋಲಿಕ ಬಂಧುಗಳಲ್ಲಿ ಮದುವೆಯ ಮಾತು ಬಂದಾಗ ಹಳೆಯ ಜಾತಿಯ ಹೆಸರುಗಳು ಮೆಲ್ಲನೆ ಕೇಳಿಬರುವುದುಂಟು. ಬರೆದಿಟ್ಟ ಕಟ್ಟಳೆ ಇದ್ದ ಮಾತ್ರಕ್ಕೆ ಆಯಿತು ಎನ್ನುವಂತಿಲ್ಲ.

ನಮ್ಮ ಸಂಘದ ನಿಯಮಾವಳಿಯನ್ನು ಮೊನ್ನೆ ತೆಗೆದು ನೋಡಿದೆ. ನಲವತ್ತೊಂದು ಕಲಮುಗಳು. ಕೋರಂ ಎಷ್ಟು, ಉಪಾಧ್ಯಕ್ಷರು ಎಷ್ಟು ಎಂಬುದೆಲ್ಲ ಇದೆ. ಹೊಸಬ ಬಂದರೆ ಯಾರು ಎದ್ದು ಮಾತಾಡಿಸಬೇಕು ಎಂಬುದಿಲ್ಲ. ಸಹಾಯನಿಧಿಯ ಪೆಟ್ಟಿಗೆ ಯಾರ ಮನೆಯಲ್ಲಿರಬೇಕು ಎಂಬುದಿಲ್ಲ. ನೆನಪಿನಲ್ಲಿ ನಿಲ್ಲುವಂತೆ ಹೇಳುವುದನ್ನು ನಾವು ಕ್ರೈಸ್ತರಿಂದಲೇ ಕಲಿಯಬೇಕೆಂದಿಲ್ಲ. ಇದೇ ಊರಿನ ಜಂಗಮವಾಡಿ ಮಠಕ್ಕೆ ಹೋಗಿಬರುವವರು ನಿಮ್ಮಲ್ಲಿ ಎಷ್ಟೋ ಮಂದಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಕಾಯಕ, ದಾಸೋಹ ಎಂಬ ಎರಡು ಮಾತಿನ ಮೇಲೆ ತಮ್ಮ ಬಾಳನ್ನೆಲ್ಲ ನಿಲ್ಲಿಸಿದರು. ದುಡಿಯದೆ ಉಣ್ಣಬೇಡ, ದುಡಿದದ್ದನ್ನು ಒಬ್ಬನೇ ಉಣ್ಣಬೇಡ. ಓದುಬರಹ ಇಲ್ಲದವನೂ ಇದನ್ನು ಸಾಯುವವರೆಗೆ ಮರೆಯಲಾರ. ಕಥೋಲಿಕರಲ್ಲಿ ಗುರ್ಕಾರ ಎಂಬ ಒಂದು ಏರ್ಪಾಡು ಹಿಂದಿನಿಂದ ಇತ್ತು. ವಾಡೆಗೆ ಒಬ್ಬ ಗುರ್ಕಾರ. ತನ್ನ ವಾಡೆಯಲ್ಲಿ ಯಾರು ಕಾಯಿಲೆ, ಯಾರ ಮನೆಯಲ್ಲಿ ಜಗಳ, ಯಾರು ಹೊಸದಾಗಿ ಬಂದರು ಎಂಬುದು ಅವನಿಗೆ ಗೊತ್ತಿರಬೇಕು. ನಮಗೂ ನರಿಯಾಕ್ಕೆ ಒಬ್ಬರು, ಸುಂದರ್‌ಪುರಕ್ಕೆ ಒಬ್ಬರು, ಸಾಮ್ನೇ ಘಾಟಿಗೆ ಒಬ್ಬರು, ರೈಲು ಎಂಜಿನ್ ಕಾರ್ಖಾನೆಯ ಕಾಲೊನಿಗೆ ಒಬ್ಬರು ಇದ್ದರೆ ಸಾಕು. ಆಸ್ಪತ್ರೆಯಲ್ಲಿ ನರ್ಸಾಗಿರುವ ನಮ್ಮ ತಂಗಿಯರು ಹೇಳುತ್ತಾರೆ: ಕನ್ನಡ ಬಿಟ್ಟು ಬೇರೆ ಮಾತು ಬಾರದ ರೋಗಿ ಬಂದಿದ್ದು ಎಷ್ಟೋ ಸಲ ಮೂರು ದಿನವಾದ ಮೇಲೆ ಸಂಘಕ್ಕೆ ತಿಳಿಯುತ್ತದೆಯಂತೆ.

ಬರುವ ತಿಂಗಳು ಸರ್ವಸದಸ್ಯರ ಕೂಟ ಇದೆ. ಅಲ್ಲಿ ನಾನು ಮೂರು ಮಾತು ಎತ್ತುವವನಿದ್ದೇನೆ, ಈಗಲೇ ಹೇಳಿರುತ್ತೇನೆ, ಆಮೇಲೆ ಬೆನ್ನಹಿಂದೆ ಮಾಡಿದ ಎನ್ನಬಾರದು. ಸಹಾಯನಿಧಿಯ ಲೆಕ್ಕವನ್ನು ಪ್ರತಿ ತಿಂಗಳು ಈ ಗೋಡೆಗೆ ಅಂಟಿಸಬೇಕು. ದೂರು ಇದ್ದವರು ಮೊದಲು ಆ ಮನುಷ್ಯನ ಮನೆಗೆ ಹೋಗಬೇಕು. ಮೂರನೆಯದು, ಸಂಘದ ಹಬ್ಬದ ಊಟದಲ್ಲಿ ಕುಟುಂಬ ಸಮೇತ ಬಂದವರಿಗೆ ಒಳಗೆ, ಒಂಟಿ ಕೂಲಿಕಾರರಿಗೆ ಅಂಗಳದಲ್ಲಿ ಎರಡನೆಯ ಪಂಕ್ತಿ ಎಂಬ ಪದ್ಧತಿ ಯಾವಾಗ ಬಂತೋ ಗೊತ್ತಿಲ್ಲ, ಯಾರೂ ಠರಾವು ಮಾಡಿದ್ದಲ್ಲ, ಅದು ನಿಲ್ಲಬೇಕು. ಜಾಗ ಸಾಲದು ಎನ್ನುತ್ತೀರಿ, ನಿಜ. ಸಾಲದಿದ್ದರೆ ಚೀಟಿ ಎತ್ತೋಣ. ಮೊದಲ ಪಂಕ್ತಿಯಲ್ಲಿ ಯಾರ ಹೆಸರು ಬಂತೋ ಅವರು ಕೂರಲಿ, ಅಧ್ಯಕ್ಷರ ಹೆಸರು ಬಾರದಿದ್ದರೆ ಅವರೂ ಅಂಗಳದಲ್ಲಿ ನಮ್ಮ ಜೊತೆ ಕಾಯಲಿ. ಅಧ್ಯಕ್ಷರು ನಗುತ್ತಿದ್ದಾರೆ, ಒಪ್ಪಿಗೆಯೆಂದು ಬರೆದುಕೊಳ್ಳಿ.

ಆ ಗಾರೆಯವನು ಇನ್ನೂ ಈ ಊರಿನಲ್ಲಿಯೇ ಇದ್ದಾನೆಂದು ವಿಚಾರಿಸಿ ತಿಳಿದಿದ್ದೇನೆ. ಸುಂದರ್‌ಪುರದ ಆಚೆ ಒಂದು ಕಟ್ಟಡದ ಕೆಲಸ ನಡೆದಿದೆ. ಅಲ್ಲಿ ನಮ್ಮ ಕಡೆಯವರು ಹತ್ತು ಹನ್ನೆರಡು ಜನ ತಗಡಿನ ಶೆಡ್ಡಿನಲ್ಲಿ ಇದ್ದಾರಂತೆ. ಬರುವ ಭಾನುವಾರ ಹಳೆಯ ಪತ್ರಿಕೆಗಳ ಒಂದು ಕಟ್ಟು ತೆಗೆದುಕೊಂಡು ಹೋಗುವವನಿದ್ದೇನೆ. ಜೊತೆಗೆ ಬರುವವರು ಸಂಜೆ ನಾಲ್ಕು ಗಂಟೆಗೆ ವಿಶ್ವವಿದ್ಯಾಲಯದ ಸಿಂಹದ್ವಾರದ ಹತ್ತಿರ ಇರಿ. ಐದು ನಿಮಿಷ ಕಾಯುತ್ತೇನೆ.